ಐದನೇ ಚೊಂಬಿನ ಸೊಪ್ಪು

ನಮ್ಮ ಮನೆಯವರು ಹೇಳುವ ಕಥೆ ಹೀಗಿದೆ: ಆ ವರ್ಷದ ಪಂದ್ಯಕ್ಕೆ ದೊಡ್ಡಪ್ಪ ತಂದ ಭಂಗಿ ಪಾನಕದ ಅಮಲು ಎಷ್ಟು ಬಿಗಿಯಾಗಿತ್ತೆಂದರೆ, ತೀರ್ಪು ಕೊಡಲು ಬಂದಿದ್ದ ನಿವೃತ್ತ ಮೇಷ್ಟ್ರು ಎಂದೋ ಸತ್ತ ತಮ್ಮ ಎಮ್ಮೆಯನ್ನು ನೆನೆದು ಅತ್ತರು, ಇನ್ನೊಬ್ಬ ತೀರ್ಪುಗಾರರಾದ ಬೆಲ್ಲದ ಮಂಡಿಯವರು ಎದುರಿಗೇ ನಿಂತಿದ್ದ ತಮ್ಮ ಸ್ಕೂಟರನ್ನು ಅರ್ಧ ಗಂಟೆ ಹುಡುಕಿದರು. ಎರಡೂ ನಡೆದದ್ದು ನಿಜ, ನಾನು ಅಲ್ಲೇ ಇದ್ದೆ. ಆದರೆ ಇದರಿಂದ ದೊಡ್ಡಪ್ಪನ ಭಂಗಿಯ ಬಗ್ಗೆ ಏನು ಸಾಬೀತಾಯಿತು? ಇಬ್ಬರೂ ಐದು ಚೊಂಬುಗಳಿಂದ ಕುಡಿದಿದ್ದರು. ಅಳಿಸಿದ್ದು ಯಾವ ಚೊಂಬು, ಸ್ಕೂಟರ್ ಮರೆಸಿದ್ದು ಯಾವ ಚೊಂಬು ಎಂದು ಬಿಡಿಸಿ ಹೇಳುವವರು ಯಾರು?

ತೊಂಬತ್ತರ ದಶಕದ ಕೊನೆಯ ಮಾತು. ನಾನು ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದೆ. ಶಿವರಾತ್ರಿಯ ಜಾಗರಣೆ ಮುಗಿದ ಮರುದಿನ ಮಧ್ಯಾಹ್ನ, ವಿಜಯನಗರದ ಆ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿಸಿ ಭಂಗಿ ಪಂದ್ಯ ನಡೆಸುತ್ತಿದ್ದರು. ಭಂಗಿ ಸೊಪ್ಪನ್ನು ಬಾದಾಮಿ, ಗಸಗಸೆ, ಮೆಣಸಿನ ಜೊತೆ ಅರೆದು ಹಾಲಿಗೆ ಬೆರೆಸಿ ಐದು ಮನೆಯವರು ತರುತ್ತಿದ್ದರು. ಎಲ್ಲರೂ ಒಂದೇ ಮಠದ ಭಕ್ತರು, ಹೆಚ್ಚಿನವರು ವ್ಯಾಪಾರಸ್ಥರು. ಹೊರಗಿನವರ ಎದುರು ಅದಕ್ಕೆ ರಾಮರಸ ಎನ್ನುತ್ತಿದ್ದರು. ಸೊಪ್ಪು ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಗೆದ್ದವರಿಗೆ ಒಂದು ತಾಮ್ರದ ಚೊಂಬು. ದೊಡ್ಡಪ್ಪನ ಗಾಜಿನ ಬೀರುವಿನಲ್ಲಿ ಅಂಥವು ಆರು ಇದ್ದವು. ಅರೆಯುವವರು ದೊಡ್ಡಮ್ಮ, ಗೆಲ್ಲುವವರು ದೊಡ್ಡಪ್ಪ. ಬಂದವರಿಗೆಲ್ಲ ಬೀರು ತೋರಿಸಿ, "ಬೇರೆಯವ್ರುದು ತಲೆಗೆ ಹೊಡಿಯುತ್ತೆ. ನಮ್ದು ಗೊತ್ತಾಗದಂಗೆ ಏರುತ್ತೆ" ಎನ್ನುತ್ತಿದ್ದರು.

ಪಂದ್ಯಕ್ಕೆ ಇದ್ದದ್ದು ಒಂದೇ ಕಟ್ಟುನಿಟ್ಟಿನ ನಿಯಮ. ತಂದವನು ಮೊದಲು ಎಲ್ಲರೆದುರು ತನ್ನ ಚೊಂಬಿನಿಂದ ಒಂದು ಲೋಟ ಪೂರ್ತಿ ಕುಡಿಯಬೇಕು. ಆಮೇಲೆಯೇ ತೀರ್ಪುಗಾರರು.

ಆ ವರ್ಷದ ತೊಂದರೆಯೂ ಅದೇ. ದೀಪಾವಳಿಯ ಹೊತ್ತಿಗೆ ದೊಡ್ಡಪ್ಪನಿಗೆ ಎದೆನೋವು ಬಂದು ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಭಂಗಿ ಇನ್ನು ನಾಲಿಗೆಗೂ ತಾಕಕೂಡದು ಎಂದು ಡಾಕ್ಟರು ದೊಡ್ಡಮ್ಮನ ಎದುರಿಗೇ ಹೇಳಿದ್ದರು.

"ಈ ಸಲ ಪಂದ್ಯ ಬುಟ್ಬುಡಿ ಅಂದ್ರೆ," ಎಂದರು ದೊಡ್ಡಮ್ಮ.

"ಬುಟ್ಬುಟ್ರೆ ನಾನು ಸತ್ತೋದೆ ಅಂದ್ಕೋತಾರೆ ಕಣೇ."

"ಕುಡುದ್ರೆ ನಿಜವಾಗ್ಲೂ ಸಾಯ್ತೀರಿ."

"ಆವಾಗ ಅಂದ್ಕೊಳ್ಳಲಿ ಬುಡು."

ನನ್ನನ್ನು ಇದರೊಳಗೆ ಎಳೆದದ್ದು ನನ್ನ ಬಾಯಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದೆರಡು ಬಹುಮಾನ ಬಂದಿದ್ದವು, ಹಾಗಾಗಿ ಮನೆಯಲ್ಲೂ ವಾದ ನಿಲ್ಲುತ್ತಿರಲಿಲ್ಲ. ಯಾರ ಚೊಂಬು ಯಾರದೆಂದು ತಿಳಿದೇ ಅಂಕ ಕೊಡುವುದಾದರೆ ಅದು ಪಂದ್ಯವೋ, ಮರ್ಯಾದೆ ಹಂಚಿಕೆಯೋ ಎಂದು ಹಿಂದಿನ ವರ್ಷ ಕೇಳಿದ್ದೆ. "ಹಂಗಾರೆ ನೀನೇ ನಡೆಸಮ್ಮ, ಡಿಬೇಟು," ಎಂದಿದ್ದರು ದೊಡ್ಡಪ್ಪ. ನಡೆಸಿದೆ. ತಂದವರು ತಮ್ಮ ಲೋಟ ಕುಡಿಯುವಾಗ ತೀರ್ಪುಗಾರರನ್ನು ಮನೆಯೊಳಗೆ ಕೂರಿಸುವುದು, ಆಮೇಲೆ ಎಲ್ಲವನ್ನೂ ಒಂದೇ ಥರದ ಐದು ಸ್ಟೀಲ್ ಚೊಂಬುಗಳಿಗೆ ಸುರಿದು ನಂಬರ್ ಚೀಟಿ ಅಂಟಿಸುವುದು ಎಂದಾಯಿತು. ಯಾವ ನಂಬರು ಯಾರದೆಂಬ ಪಟ್ಟಿ ನನ್ನ ಕೈಯಲ್ಲಿ ಮಾತ್ರ.

ಪಂದ್ಯದ ದಿನ ಬೆಳಿಗ್ಗೆ ಹಿತ್ತಲಿಗೆ ಹೋದಾಗ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ತೇವದಲ್ಲಿ ದೊಡ್ಡಮ್ಮ ಕುಕ್ಕರುಗಾಲಲ್ಲಿ ಕೂತು ಒಂದೆಲಗ ಕೀಳುತ್ತಿದ್ದರು. ಪರೀಕ್ಷೆ ಬಂದಾಗ ಜ್ಞಾಪಕಶಕ್ತಿಗೆಂದು ನನಗೆ ಚಟ್ನಿ ಅರೆದು ಕೊಡುತ್ತಿದ್ದ ಸೊಪ್ಪು ಅದು.

"ಚಟ್ನಿಗಾ ದೊಡ್ಡಮ್ಮ?"

"ಹ್ಞೂ ಕಣೇ. ಇವತ್ತು ನೀನು ಭಾಷಣ ಬೇರೆ ಮಾಡ್ಬೇಕಲ್ಲ."

ಊಟಕ್ಕೆ ಚಟ್ನಿ ಬರಲಿಲ್ಲ. ಅರೆಯುವ ಕಲ್ಲು ಮಾತ್ರ ಹಸಿರಾಗಿತ್ತು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ನ್ಯೂಸ್‌ಪೇಪರಿನಲ್ಲಿ ಕಟ್ಟಿದ ಭಂಗಿ ಪೊಟ್ಟಣವಿತ್ತು. ದೊಡ್ಡಪ್ಪ ಎರಡು ದಿನದ ಹಿಂದೆ ತಂದು ಕೊಟ್ಟದ್ದು. ಅದರ ದಾರದ ಗಂಟು ಬಿಚ್ಚಿರಲಿಲ್ಲ.

ಮಧ್ಯಾಹ್ನ ದೊಡ್ಡಪ್ಪ ಎಲ್ಲರೆದುರು ತಮ್ಮ ಲೋಟ ಎತ್ತಿ ನಿಧಾನವಾಗಿ ಖಾಲಿ ಮಾಡಿದರು. ಮೀಸೆ ಒರೆಸಿಕೊಂಡು, "ಈ ಸಲ ಸ್ವಲ್ಪ ಬಿಗಿಯಾಯ್ತು," ಎಂದರು. ನಲವತ್ತು ವರ್ಷ ಗ್ರಂಧಿಗೆ ಅಂಗಡಿ ನಡೆಸಿದವರು, ಬೇರು ನಾರು ಸೊಪ್ಪುಗಳನ್ನು ಕಣ್ಣು ಮುಚ್ಚಿ ಮೂಸಿ ಗುರುತಿಸುವವರು ಆಡಿದ ಮಾತು ಅದು. ಅವರ ಚೊಂಬಿಗೆ ಐದನೇ ನಂಬರು ಬಂತು.

ಬಣ್ಣ, ನುಣುಪು, ರುಚಿ, ಏರು ಎಂದು ನಾಲ್ಕು ಕಾಲಂಗಳು. ಏರಿಗೆ ಅಂಕ ಕೊಡಲು ಕುಡಿದ ಮೇಲೆ ಒಂದು ಗಂಟೆ ಕಾಯಬೇಕು. ಐದನ್ನೂ ಕುಡಿದವರು ಯಾವುದರ ಏರಿಗೆ ಅಂಕ ಕೊಡುತ್ತಾರೆ ಎಂದು ನಾನು ಮೊದಲೇ ಕೇಳಿದ್ದೆ. "ಅದು ಕುಡಿದೋರಿಗೆ ಗೊತ್ತಾಗುತ್ತೆ ಕಣಮ್ಮ," ಎಂದು ಮಂಡಿಯವರು ಅದನ್ನು ತಳ್ಳಿಹಾಕಿದ್ದರು. ಗಂಟೆ ಕಳೆಯಿತು. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ, "ಐದನೇದು ನೋಡಿ, ಗೊತ್ತಾಗದಂಗೆ ಏರುತ್ತೆ," ಎಂದರು.

"ಹಳೇ ಕೈ ಕಣ್ರೀ ಅದು," ಎಂದರು ಮಂಡಿಯವರು. ಇಬ್ಬರೂ ಏರಿಗೆ ಹತ್ತಕ್ಕೆ ಹತ್ತು ಬರೆದರು.

ಚೀಟಿಗಳನ್ನು ಹಿಡಿದು ಎದ್ದು ನಿಂತೆ. ಎದುರಾಳಿಯ ಆಧಾರ ಸುಳ್ಳೆಂದು ಗೊತ್ತಿದ್ದರೆ ಮಾತು ಅಲ್ಲೇ ತಡೆಯಬೇಕು ಎಂದು ಚರ್ಚಾಸ್ಪರ್ಧೆಗೆ ತಯಾರು ಮಾಡುವಾಗ ನಮಗೆ ಕಲಿಸಿದ್ದರು. ತಡೆದರೆ ಏನಾಗುತ್ತದೆಂದೂ ಲೆಕ್ಕ ಹಾಕಿದೆ. ಇಷ್ಟು ಜನರೆದುರು ಮಾನ ಹೋದ ದೊಡ್ಡಪ್ಪ ಸುಮ್ಮನೆ ಕೂರುವವರಲ್ಲ. ಅಕ್ಕಿ ಡಬ್ಬದ ಮೇಲಿನ ಗಂಟು ಆ ಸಂಜೆಯೇ ಬಿಚ್ಚುತ್ತಿತ್ತು. ಕಾಂಪೌಂಡಿನ ಆಚೆ ದೊಡ್ಡಮ್ಮ ಸೆರಗು ಹೊದ್ದು ನಿಂತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ.

"ಐದನೇ ನಂಬರು," ಎಂದು ಓದಿದೆ. ಅವರು ಬರೆದ ಅಂಕವನ್ನು ಓದಿದೆ, ಅಷ್ಟೇ. ಓದಿದ್ದರಲ್ಲಿ ಸುಳ್ಳಿರಲಿಲ್ಲ.

ದೊಡ್ಡಪ್ಪ ಇನ್ನೂ ಎರಡು ಸಲ ಗೆದ್ದರು. ಪಕ್ಕದ ಸೈಟಿನಲ್ಲಿ ಮನೆ ಎದ್ದ ಮೇಲೆ ಪಂದ್ಯ ನಿಂತಿತು. ಎಂಟು ವರ್ಷ ಬದುಕಿದ್ದು ಹೋದರು. ತಿಥಿಯ ಹಿಂದಿನ ದಿನ ದೊಡ್ಡಮ್ಮನೂ ನಾನೂ ಹಿತ್ತಲಲ್ಲಿ ಕೂತು ಬೀರುವಿನ ಒಂಬತ್ತು ಚೊಂಬುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆವು. ಆ ವರ್ಷದ್ದು ಏಳನೆಯದು. ಅದನ್ನು ತೊಳೆಯುವಾಗ ಮೇಷ್ಟ್ರ ಮಾತು ನೆನಪಾಯಿತು. ಅದು ಅವರ ಮಾತಾಗಿರಲಿಲ್ಲ. ಮೊದಲ ಆರು ಚೊಂಬುಗಳ ಬಗ್ಗೆ, ಎದೆನೋವು ಬರುವುದಕ್ಕೂ ಎಷ್ಟೋ ಮೊದಲೇ, ದೊಡ್ಡಪ್ಪ ಬೀರುವಿನ ಮುಂದೆ ನಿಂತು ಹೇಳುತ್ತಿದ್ದ ಮಾತು.

ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟು ಕೇಳಿದೆ:

"ದೊಡ್ಡಮ್ಮ, ನೀವು ಒಂದೆಲಗ ಹಾಕೋಕೆ ಶುರು ಮಾಡಿದ್ದು ಎಷ್ಟನೇ ಚೊಂಬಿಂದ?"