ಟ್ಯೂಷನ್ ಸರ್ ಹೇಳಿದ ಬೇಡಿಯ ಅರ್ಥ

ಮೊನ್ನೆ ಕಾಮೋಠೆಯ ನಮ್ಮ ಸೊಸೈಟಿಯ ಗೇಟಿನ ಹಳೆಯ ಸರಪಳಿ ಬಿಚ್ಚಲು ವಾಚ್‌ಮನ್‌ಗೆ ಕೈಜೋಡಿಸಿದೆ. ಸೋಪು ಹಾಕಿ ಎರಡು ಸಲ ತೊಳೆದರೂ ಅಂಗೈಯ ತುಕ್ಕಿನ ವಾಸನೆ ಹೋಗಲಿಲ್ಲ. ಅನ್ನ ಕಲಸಲು ಕೂತವಳು ತಟ್ಟೆ ಸರಿಸಿ ಎದ್ದೆ... ಡೊಂಬಿವಲಿಯ ಟ್ಯೂಷನ್ ಸರ್ ನೆನಪಾದರು.

ನಾವು ಡೊಂಬಿವಲಿಯಲ್ಲಿದ್ದಾಗ ನಮ್ಮ ಪಕ್ಕದ ಮನೆಯವರು, ಉಡುಪಿ ಕಡೆಯವರೇ. ಮಗಳು ಹತ್ತನೆಯಲ್ಲಿದ್ದಾಗ ಇಂಗ್ಲಿಷಿಗೆ ಅವರಲ್ಲಿಗೇ ಕಳಿಸುತ್ತಿದ್ದೆವು. ಇಂಥವರು ಪಕ್ಕದಲ್ಲೇ ಸಿಕ್ಕಿದರಲ್ಲ, ದೇವರು ದೊಡ್ಡವನು ಅಂದುಕೊಂಡಿದ್ದೆ.

ಒಂದು ಸಂಜೆ ಸತ್ಯನಾರಾಯಣ ಪೂಜೆಯ ಪ್ರಸಾದ ಕೊಡಲು ಹೋದಾಗ ಸರ್ ‘ಫೆಟರ್’ ಎಂಬ ಶಬ್ದ ವಿವರಿಸುತ್ತಿದ್ದರು. ಅದು ಕಾಲಿನ ಬೇಡಿಯಂತೆ. ಹಳೇ ಇಂಗ್ಲಿಷಿನ ಶಬ್ದ, ‘ಫುಟ್’ನ ಮನೆತನದ್ದೇ. ಈಗ ಮನುಷ್ಯನನ್ನು ತಡೆಯುವ ಯಾವುದಕ್ಕೂ ಹಾಗೆನ್ನಬಹುದಂತೆ. “ತುಮ್ಕೋ ಭೀ ಏಕ್ ಏಕ್ ಲಗಾವೂಂ ಕ್ಯಾ?” ನಿಮಗೂ ಒಂದೊಂದು ಹಾಕಲೇ ಎಂದು ಕಾಲಾಡಿಸುತ್ತಿದ್ದ ಮಕ್ಕಳನ್ನು ಕೇಳಿದರು. ಮಕ್ಕಳು ನಕ್ಕರು. ನಾನೂ ನಕ್ಕೆ.

ಅವರ ತಾಯಿಗೂ ಪ್ರಸಾದ ಕೊಡೋಣವೆಂದು ಪರದೆ ಸರಿಸಿ ಒಳಕೋಣೆಗೆ ಹೋದೆ. ಮೂಗಿಗೆ ಹೊಡೆಯುವ ಮೂತ್ರದ ನಾತ. ಅಜ್ಜಿಯ ಕಾಲನ್ನು ನಾಯಿಯ ಸರಪಳಿಯಿಂದ ಮಂಚಕ್ಕೆ ಕಟ್ಟಿ ಬೀಗ ಹಾಕಿತ್ತು. ಚರ್ಮ ಸುಲಿದು ಕೀವಾಗಿತ್ತು, ಅದರ ಮೇಲೆ ನೊಣ.

“ಕೀ ಅವನ ಕಿಸೆಯಲ್ಲುಂಟು. ಕೇಳಿ ಕೊಡ್ತೀಯಾ ಮಗಾ?” ಅಂದರು ಅಜ್ಜಿ.

ಹೊರಬಂದವಳ ಮುಖ ನೋಡಿಯೇ ಸರ್ ಅಂದರು, “ಎಂತ ಮಾಡುದು ಅಕ್ಕ? ನಾನು ಪಾಠಕ್ಕೆ ಕೂತ್ರೆ ಇವರು ಎದ್ದು ರೈಲಿನ ಟ್ರ್ಯಾಕಿಗೆ ಹೋಗ್ತಾರೆ. ಎರಡು ಸಲ ರೈಲ್ವೆ ಗೇಟಿನ ಫಾಟಕ್‌ನಿಂದ ಎಳ್ಕೊಂಡು ಬಂದಿದ್ದೇನೆ.”

ಹೆತ್ತವಳನ್ನು ನಾಯಿಯ ಹಾಗೆ ಕಟ್ಟಿ, ಈಚೆ ಕೂತು ಬೇಡಿಯ ಅರ್ಥ ಹೇಳುವುದು! ಥೂ! ಆದರೆ ಪರೀಕ್ಷೆಗೆ ಮೂರೇ ತಿಂಗಳಿತ್ತು. ಜಗಳವಾಡಿದರೆ ಮಗಳ ಪಾಠ ನಿಲ್ಲುತ್ತಿತ್ತು. ಪ್ರಸಾದದ ತಟ್ಟೆ ಎತ್ತಿಕೊಂಡು ಮನೆಗೆ ಬಂದೆ. ಮರುದಿನದಿಂದ ಗಾಯಕ್ಕೆ ಅರಿಶಿನ, ತೆಂಗಿನೆಣ್ಣೆ ಹಚ್ಚಿದೆ. ಹಳೆಯ ಸೀರೆ ಹರಿದು ಸರಪಳಿಗೆ ಸುತ್ತಿದೆ. ನನ್ನ ಕೈಯಿಂದ ಅಷ್ಟಾದರೂ ಮಾಡಿಸಿದೆಯಲ್ಲ ಎಂದು ದೇವರಿಗೆ ಕೈಮುಗಿದೆ. ಅಜ್ಜಿ ಮಾತ್ರ ದಿನವೂ ಕೀ ಕೇಳುತ್ತಿದ್ದರು. “ನಾಳೆ ಕೇಳ್ತೇನೆ ಅಜ್ಜಿ” ಅನ್ನುತ್ತಿದ್ದೆ...

ಪರೀಕ್ಷೆಗೆ ವಾರವಿರುವಾಗ ಅಜ್ಜಿ ತೀರಿಹೋದರು. “ನಿಮ್ಮಿಂದ ಅಮ್ಮನಿಗೆ ತುಂಬ ಉಪಕಾರ ಆಯ್ತು” ಅಂದರು ಸರ್. ಆ ಮಾತು ನೆನೆದರೆ ಈಗಲೂ ಮೈಮೇಲೆ ಹುಳ ಹರಿದಂತಾಗುತ್ತದೆ.

ಮಗಳೀಗ ಖಾರಘರದಲ್ಲಿ ಇಂಗ್ಲಿಷ್ ಟೀಚರ್. “ಸರ್ ಇಲ್ಲದಿದ್ರೆ ನಾನೆಲ್ಲಿ ಅಮ್ಮಾ?” ಅನ್ನುತ್ತಾಳೆ. ಹೂಂ ಅನ್ನುತ್ತೇನೆ. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಕೇಳಿದ್ದರೆ ಸರ್ ಕೀ ಕೊಡುತ್ತಿದ್ದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಒಂದು ಸಲವೂ ಕೇಳಲಿಲ್ಲ.