ತುಕ್ಕು ಕೆರೆಯುವ ಶಂಕರಮ್ಮ

ಅಜ್ಜಂಪುರದ ಗುಜರಿ ಅಂಗಡಿಯ ಶಂಕರಮ್ಮ, ಅಮಲ್ದಾರರೇ ಗೇಟು ಹೊತ್ತು ತಂದರೂ, "ತುಕ್ಕಿಗೆಲ್ಲ ತೂಕ ಹಾಕಲ್ಲ ಕಣಪ್ಪಾ" ಎಂದು ಕೆರೆದೇ ತೂಗುವವಳು. ಆದರೆ ಬುಕ್ಕಾಂಬುಧಿ ಕೆರೆಯ ಹೂಳಿನಲ್ಲಿ ಸಿಕ್ಕ ಉಲ್ಕೆಯ ಗುಂಡನ್ನು ಮಾತ್ರ ಅವಳು ಕೆರೆಯುವುದಿಲ್ಲ, ಯಾರಿಗೂ ಕೊಡುವುದಿಲ್ಲ. "ಇದು ಕಬ್ಬಿಣ, ನಿಕ್ಕಲ್ ಬೆರೆತದ್ದಮ್ಮಾ. ನಮ್ಮ ತೇವದ ಗಾಳಿಗೆ ಒಳಗಿಂದ್ಲೇ ತುಕ್ಕು ಹಿಡೀತಿದೆ, ಎಣ್ಣೆ ಹಚ್ಚಿ" ಎಂದು ಕಾಲೇಜಿನ ಮೇಷ್ಟ್ರು ಬೇಡಿಕೊಂಡರೆ, "ಹಿಡೀಲಿ ಬಿಡಿ ಸಾ" ಎನ್ನುತ್ತಾಳೆ. ಉದುರಿದ ಕೆಂಪು ಪುಡಿಯನ್ನು ದಿನವೂ ಡಬ್ಬಿಗೆ ತುಂಬಿಡುತ್ತಾಳೆ. ಅದೇಕೆಂದು ನನಗೆ ತಿಳಿದದ್ದು, ಗಂಡ ಸತ್ತವಳ ಹಣೆಯಲ್ಲಿ ಬೊಟ್ಟೇಕೆಂದು ಓಣಿಯ ಹಿರಿಯರು ಗದರಿಸಿದ ದಿನ. "ಕುಂಕುಮ ಇಡಬ್ಯಾಡ ಅಂದ್ರಿ, ಬಿಟ್ಟೆ. ಇದು ಆಕಾಶದಿಂದ ಬಿದ್ದಿದ್ದರ ತುಕ್ಕು ಕಣ್ರೀ. ಇದ್ಕೆ ಯಾವ ಶಾಸ್ತ್ರ ಐತೆ, ತೋರ್ಸಿ!"