ಬೀಗ ನನ್ನ ತಮ್ಮನನ್ನು ಯಾಕೆ ಹೊರಗೆ ಕರೆದ

ಆಟ ಗೆದ್ದ ಮರುದಿನ ಬೆಳಗ್ಗೆ ನನ್ನ ತಮ್ಮ ತಲೆಗೆ ಪಟ್ಟಿ ಸುತ್ತಿಸಿಕೊಂಡು, ಇನ್ನೂ ಕಣ್ಣು ಬಿಡದೆ ಆಸ್ಪತ್ರೆಯಲ್ಲಿ ಮಲಗಿದ್ದ. ಹೊರಗಿನ ಪಡಸಾಲೆಯಲ್ಲಿ ನಮ್ಮ ಬೀದಿಯ ಬೇಕರಿ ಯಜಮಾನರೂ ರಿಟೈರ್ಡ್ ಕಂಡಕ್ಟರೂ ಮ್ಯಾನೇಜರ್ ಮಾಡಿದ್ದು ಸರಿಯೋ ತಪ್ಪೋ ಎಂದು ಜಗಳಕ್ಕೆ ಬಿದ್ದಿದ್ದರು. ನರ್ಸಮ್ಮ ಬಂದು ತುಟಿಯ ಮೇಲೆ ಬೆರಳಿಟ್ಟು ಹೋದಳು. ಇಬ್ಬರೂ ದನಿ ತಗ್ಗಿಸಿದರೇ ಹೊರತು ಬಾಯಿ ಮುಚ್ಚಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂಬುದು ಇಡೀ ಬೀದಿಗೆ ಗೊತ್ತು. ಆದರೂ ಅವತ್ತು ಗದರಲಿಲ್ಲ. ಪಾಪ, ಹೆದರಿಕೆಯಾದಾಗ ಫುಟ್‌ಬಾಲ್ ಬಿಟ್ಟು ಬೇರೆ ಮಾತು ಅವರಿಗೆ ಬರುವುದಿಲ್ಲ.

ಮ್ಯಾನೇಜರ್ ಅಂದರೆ ಕೋಟು ಬೂಟಿನ ದೊಡ್ಡ ಮನುಷ್ಯ ಎಂದುಕೊಳ್ಳಬೇಡಿ. ನಮ್ಮದು ಊರಿನವರೇ ಕಟ್ಟಿಕೊಂಡ ಫುಟ್‌ಬಾಲ್ ಕ್ಲಬ್ಬು. ಅದರ ಮ್ಯಾನೇಜರ್ ಬೀಗ ರಿಪೇರಿ ಮಾಡುವವನು. ನನ್ನ ಹೊಲಿಗೆ ಅಂಗಡಿಯ ಪಕ್ಕ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವನ ಅಂಗಡಿ. ಅವನು ಒಳಗೆ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು. ಎಲ್ಲರೂ ಅವನನ್ನು ‘ಬೀಗ’ ಎಂದೇ ಕರೆಯುವುದು. ಕೆಲಸ ಬೀಗದ್ದು ಎಂಬುದು ಒಂದು ಕಾರಣ, ಬಾಯಿಗೂ ಬೀಗ ಎಂಬುದು ಇನ್ನೊಂದು. ಹೊಸಬರು, “ಏನಮ್ಮಾ, ಇವರು ನಿಮ್ಮ ಬೀಗರಾ?” ಎಂದು ಕೇಳಿದರೆ, “ಹ್ಞೂಂ, ಹೆಣ್ಣು ಕೊಡದೆ ಗಂಡು ತರದೆ ಆದ ಬೀಗ” ಎನ್ನುತ್ತೇನೆ. ಅವನು ತಲೆ ಎತ್ತುವುದಿಲ್ಲ, ಅರ ಹಿಡಿದು ಕೀಲಿಯ ಹಲ್ಲು ತಿಕ್ಕುತ್ತಲೇ ಇರುತ್ತಾನೆ.

ಅಪ್ಪನಿಲ್ಲದ ಮನೆಯಲ್ಲಿ ಬೆಳೆದವನು. ಸೋದರಮಾವನ ಕೈಕೆಳಗೆ ಕೆಲಸ ಕಲಿತ. ಕೀಲಿ ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡವರು, ಅರ್ಧ ಕೀಲಿ ಮುರಿದುಕೊಂಡವರು, ಗಂಡನ ಮೇಲಿನ ಸಿಟ್ಟಿಗೆ ಕೀಲಿ ಬಾವಿಗೆ ಎಸೆದವರು, ಎಲ್ಲರೂ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಮನೆಯಲ್ಲಿ ಹೆಂಡತಿ, ಮಗಳು ಇಬ್ಬರೂ ಮಾತಿನ ಮಲ್ಲಿಯರು. ಅಲ್ಲಿ ಇವನಿಗೆ ಸರದಿಯೇ ಸಿಗುವುದಿಲ್ಲ.

ನನ್ನ ತಮ್ಮನಿಗೂ ಅವನಿಗೂ ಒಂದನೇ ಕ್ಲಾಸಿನಿಂದ ಸ್ನೇಹ. ತಮ್ಮ ಬಡಗಿಯಾದ, ಇವನು ಬೀಗದವನಾದ. ಒಬ್ಬ ಬಾಗಿಲು ಮಾಡುತ್ತಾನೆ, ಇನ್ನೊಬ್ಬ ಅದನ್ನು ಒಡೆಯುತ್ತಾನೆ ಎಂದು ಊರೆಲ್ಲ ನಗುತ್ತಿತ್ತು. ಇಬ್ಬರೂ ಒಟ್ಟಿಗೇ ಕ್ಲಬ್ಬಿಗೆ ಆಡಿದರು. ಮೂವತ್ತು ತುಂಬುವ ಮೊದಲೇ ಬೀಗನಿಗೆ ಮಂಡಿ ಕೈಕೊಟ್ಟಿತು. ಅದೇ ವರ್ಷ ಹಳೆಯ ಮ್ಯಾನೇಜರ್ ಬಿಟ್ಟುಹೋದರು. ಮೀಟಿಂಗಿನಲ್ಲಿ ಉಳಿದವರೆಲ್ಲ ‘ನನ್ನಿಂದಾಗದು’ ಎಂದರು. ಬೀಗ ‘ಬೇಡ’ ಎನ್ನಲೂ ಬಾಯಿ ತೆರೆಯಲಿಲ್ಲವಾದ್ದರಿಂದ ಅವನೇ ಮ್ಯಾನೇಜರ್ ಆದ.

ಆಟದ ಹಿಂದಿನ ದಿನ ಅಂಗಡಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ತಂಡ ಬರೆಯುತ್ತಾನೆ. ಬರೆದು ಕೈ ಕೊಡವಿಕೊಂಡರೆ ಮುಗಿಯಿತು. ಈ ಸಲ ರಕ್ಷಣೆಯ ಮಧ್ಯದಲ್ಲಿ ನನ್ನ ತಮ್ಮನನ್ನೇ ಹಾಕಿದ್ದ. ಜನ ಸುಮ್ಮನಿರುತ್ತಾರೆಯೇ? “ಮುದುಕನನ್ನ ಹಾಕಿದಾನೆ, ಗೆಳೆಯ ಅಂತ” ಎಂದು ಬೀದಿ ತುಂಬ ಗುಸುಗುಸು. ನನ್ನ ತಮ್ಮನನ್ನು ಮುದುಕ ಎಂದವರ ಪ್ಯಾಂಟಿನ ಅಂಚು ನಾನು ಆ ವಾರ ಮುಟ್ಟಲಿಲ್ಲ.

ಆಟದಲ್ಲಿ ನಾವು ಎರಡು ಗೋಲು ಮುಂದಿದ್ದೆವು. ಕಾರ್ನರ್ ಕಿಕ್ ಬಂತು. ತಮ್ಮನೂ ಎದುರಾಳಿಯೊಬ್ಬನೂ ಒಟ್ಟಿಗೆ ಹಾರಿದರು, ತಲೆಗೆ ತಲೆ ಬಡಿಯಿತು. ತಮ್ಮ ಬಿದ್ದ, ಎದ್ದ, ನೀರು ಕುಡಿದ, ನಮ್ಮ ಕಡೆ ಕೈ ಬೀಸಿದ. ಆಮೇಲೂ ಚೆನ್ನಾಗಿಯೇ ಆಡಿದ. ಸ್ವಲ್ಪ ಹೊತ್ತಿಗೆ ಚೆಂಡು ಗೆರೆಯಾಚೆ ಹೋದಾಗ ಬೀಗ ಅವನಿಗೆ ಏನೋ ಹೇಳಿದ, ಇವನೂ ಏನೋ ಉತ್ತರ ಕೊಟ್ಟ. ಅಷ್ಟೆ. ಬೀಗ ತಕ್ಷಣ ಕೈ ಎತ್ತಿ ಅವನನ್ನು ಹೊರಗೆ ಕರೆದ. ಬದಲಿಗೆ ‘ಕಡ್ಡಿ’ಯನ್ನು ಇಳಿಸಿದ. ಕಡ್ಡಿ ಎಂದರೆ ಅಂಚೆಯವರ ಮಗ, ಗಾಳಿ ಬಂದರೆ ಗೋಲ್‌ಪೋಸ್ಟ್ ಹಿಡಿದುಕೊಳ್ಳುವಂಥ ಆಸಾಮಿ. ಜನ ಹುಯ್ಯೋ ಎಂದರು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನೇ. ಬೀಗ ತಿರುಗಿಯೂ ನೋಡದೆ ತಮ್ಮನ ತೋಳು ಹಿಡಿದು ತನ್ನ ಹಳೇ ವ್ಯಾನಿಗೆ ಹತ್ತಿಸಿ, ಆಟವನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದ.

ದಾರಿಯಲ್ಲೇ ತಮ್ಮ ಸೀಟಿನಲ್ಲಿ ಕುಸಿದುಬಿಟ್ಟನಂತೆ. ತಲೆಬುರುಡೆಯ ಒಳಗೆ ರಕ್ತ ಕಟ್ಟಿಕೊಳ್ಳುತ್ತಿತ್ತು. ನಾವು ಮೈದಾನದಿಂದ ಓಡಿಬರುವಷ್ಟರಲ್ಲಿ ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗಿಯಾಗಿತ್ತು. “ಬೇಗ ಕರ್ಕೊಂಡು ಬಂದ್ರಿ, ಅದಕ್ಕೇ ಜೀವ ಉಳೀತು” ಎಂದರು ಡಾಕ್ಟರಮ್ಮ. “ಎದ್ದ ಮೇಲೆ ಯಾರನ್ನ ಗುರುತು ಹಿಡೀತಾರೆ, ಹೇಗೆ ಮಾತಾಡ್ತಾರೆ, ಅದನ್ನ ಈಗ್ಲೇ ಹೇಳೋಕಾಗಲ್ಲ.” ಆ ಮಾತು ಕೇಳಿದಾಗಿನಿಂದ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಲೇ ಇತ್ತು.

ಪಡಸಾಲೆಯಲ್ಲಿ ಕಂಡಕ್ಟರು ಹೇಳುತ್ತಿದ್ದರು: “ನೋಡೀ, ಹಾಕಿದ್ದೂ ತಪ್ಪು, ತೆಗೆದದ್ದೂ ತಪ್ಪು. ಗೆದ್ದಿದ್ದು ಮಾತ್ರ ಸರಿ.”

“ತೆಗೀದೇ ಇದ್ದಿದ್ರೆ ಅವನು ಇವತ್ತು ಇರ್ತಿದ್ನೇನ್ರೀ?” ಎಂದರು ಬೇಕರಿ ಯಜಮಾನರು.

“ಅದು ಅದೃಷ್ಟ. ಬೀಗನಿಗೆ ಆಗ ಏನು ಗೊತ್ತಿತ್ತು? ಮೊನ್ನೆ ಇಬ್ಬರಿಗೂ ಜಗಳ ಆಗಿತ್ತು, ಆ ಸಿಟ್ಟಲ್ಲಿ ತೆಗೆದ. ತೆಗೀಲಿ, ಆದರೆ ಕಡ್ಡಿನಾ ಹಾಕೋದು?”

“ಕಡ್ಡಿ ಕೊನೇಲಿ ಗೆರೆ ಮೇಲಿಂದ ಒಂದು ಗೋಲು ಉಳಿಸ್ಲಿಲ್ವಾ?”

“ಉಳಿಸ್ದ. ಅದಕ್ಕೆ ಮುಂಚೆ ಒಂದು ಬಿಟ್ಟಿದ್ದು ಯಾರು, ನಿಮ್ಮ ಮಾವನಾ?”

ಅಷ್ಟರಲ್ಲಿ ಬೀಗ ಔಷಧಿಯ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದ. ನಿನ್ನೆಯ ಅಂಗಿಯೇ ಮೈಮೇಲಿತ್ತು. ಚೀಲವನ್ನು ನನ್ನ ತಮ್ಮನ ಹೆಂಡತಿಯ ಕೈಗೆ ಕೊಟ್ಟು ಗೋಡೆಗೆ ಒರಗಿ ನಿಂತ. ನನಗೆ ತಡೆಯಲಾಗಲಿಲ್ಲ.

“ಬೀಗಾ, ನಿಜ ಹೇಳು. ಸಿಟ್ಟಲ್ಲಿ ತೆಗೆದ್ಯಾ?”

ಅವನು ಇಲ್ಲವೆಂದು ತಲೆಯಾಡಿಸಿದ.

“ಮತ್ತೆ? ಎದ್ದು ಓಡ್ತಿದ್ದ, ಒದೀತಿದ್ದ. ಅಷ್ಟು ಜನ ನೋಡ್ತಿದ್ವಿ, ಯಾರಿಗೂ ಏನೂ ಕಾಣ್ಲಿಲ್ಲ. ನಿನಗೊಬ್ಬನಿಗೆ ಏನಪ್ಪಾ ಕಂಡಿದ್ದು?”

“ಕಾಣ್ಲಿಲ್ಲ ಅಕ್ಕಾ. ಕೇಳಿಸ್ತು.” ಅವನು ನನ್ನ ಕಡೆ ತಿರುಗಿದ. “ಸ್ವಲ್ಪ ಹಿಂದೆ ನಿಲ್ಲೋ ಕತ್ತೆ ಅಂದೆ. ಅವನು ನನ್ನ ಮುಖ ನೋಡಿ, ‘ಆಯ್ತು, ನೀವು ಹೇಳಿದ ಹಾಗೇ ಮಾಡ್ತೀನಿ’ ಅಂದ.”

“ಅಂದರೆ?”

“ನನ್ನನ್ನ ನೀವು ಅಂದ ಅಕ್ಕಾ.”

ಬೆಂಚಿನ ಮೇಲೆ ಕೂತುಬಿಟ್ಟೆ. ನನ್ನ ತಮ್ಮ ಬೀಗನನ್ನು ನೀವು ಎನ್ನುವುದೇ! ಬುದ್ಧಿ ಬಂದಾಗಿನಿಂದ ಇಬ್ಬರ ನಡುವೆ ಲೋ, ಕತ್ತೆ, ದರಿದ್ರದವನೇ ಬಿಟ್ಟರೆ ಬೇರೆ ಸಂಬೋಧನೆ ಇಲ್ಲ. “ಮ್ಯಾನೇಜರ್ ಆದ ಮೇಲಾದ್ರೂ ನಾಲ್ಕು ಜನರ ಮುಂದೆ ಬಹುವಚನದಲ್ಲಿ ಮಾತಾಡಿಸೋ” ಎಂದು ನಾನೇ ಬೈದರೆ, “ಈ ಮುಖಕ್ಕಾ?” ಎಂದು ನಗುತ್ತಿದ್ದವನು ಅವನು.

ಕಂಡಕ್ಟರು ಬಿಡಲಿಲ್ಲ. “ತಮಾಷೆಗೆ ಅಂದಿರಬಹುದಲ್ಲಪ್ಪಾ?”

“ತಮಾಷೆಗಾದ್ರೆ ಹಲ್ಲು ಬಿಡ್ತಾನೆ. ನಿನ್ನೆ ಬಿಡ್ಲಿಲ್ಲ. ಬಸ್ಸಲ್ಲಿ ಪಕ್ಕದಲ್ಲಿ ಕೂತೋರನ್ನ ಮಾತಾಡಿಸೋ ಹಾಗೆ ಮಾತಾಡಿಸ್ದ. ನಾನು ಯಾರು ಅಂತ ಅವನಿಗೆ ಗೊತ್ತಿರಲಿಲ್ಲ.”

ಬೇಕರಿ ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಕಂಡಕ್ಟರು, “ಸರಿಯಾಗಿ ತೆಗೆದೆ ಕಣಪ್ಪಾ, ಸರಿಯಾಗೇ ತೆಗೆದೆ” ಎಂದರು. ಕಡ್ಡಿಯ ಸುದ್ದಿ ಎತ್ತಲಿಲ್ಲ. ಅವರ ಮಟ್ಟಿಗೆ ಅದು ದೊಡ್ಡ ತ್ಯಾಗ.

ಮಧ್ಯಾಹ್ನದ ಹೊತ್ತಿಗೆ ನರ್ಸಮ್ಮ ಬಾಗಿಲಿಗೆ ಬಂದು ನನ್ನ ತಮ್ಮ ಕಣ್ಣು ಬಿಟ್ಟಿದ್ದಾನೆ ಎಂದಳು. ಮೊದಲು ಅವನ ಹೆಂಡತಿ ಒಳಗೆ ಹೋದಳು, ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದಳು. “ನೋಡ್ತಾರೆ ಅತ್ತಿಗೆ, ಏನೂ ಮಾತಾಡಲ್ಲ” ಎಂದಳು. ನಾನು ಹೋದೆ. ನನ್ನನ್ನೂ ನೋಡಿದ, ಗೋಡೆಯನ್ನು ನೋಡಿದ ಹಾಗೆ. ‘ಪುಟ್ಟಾ’ ಎಂದು ಕರೆದೆ. ಅವನು ಕಣ್ಣನ್ನು ಸೂರಿನ ಕಡೆ ತಿರುಗಿಸಿದ. ದೇವರೇ, ಇವನಿಗೆ ನಾನು ಕೂಡ ಬೇರೆಯವಳಾಗಿಬಿಟ್ಟೆನೇ!

ಹೊರಗೆ ಬಂದು ಬೀಗನಿಗೆ, “ನೀನು ಹೋಗು” ಎಂದೆ.

ಅವನು ಗೋಡೆಯಿಂದ ಕದಲಲಿಲ್ಲ. “ಬೇಡಕ್ಕಾ. ಮತ್ತೆ ನೀವು ಅಂದ್ರೆ ನನ್ನ ಕೈಲಿ ತಡ್ಕೊಳೋಕಾಗಲ್ಲ.”

“ಅಂದ್ರೆ ಅನ್ನಿಸ್ಕೊಳೋಣ. ಜೀವ ಇದೆಯಲ್ಲಾ, ಉಳಿಸ್ಕೊಟ್ಟೋನು ನೀನಲ್ವಾ? ನಡಿ” ಎಂದು ಅವನ ತೋಳು ಹಿಡಿದು ಎಳೆದುಕೊಂಡೇ ಹೋದೆ.

ಬೀಗ ಮಂಚದ ಕಾಲ ಬಳಿ ನಿಂತ. ತಮ್ಮ ಅವನನ್ನು ನೋಡಿದ. ನೋಡುತ್ತಲೇ ಇದ್ದ. ಹುಬ್ಬು ಗಂಟಿಕ್ಕಿತು. ಒಣಗಿದ ತುಟಿ ಎರಡು ಸಲ ಅಲುಗಿತು, ದನಿ ಹೊರಡಲಿಲ್ಲ. ಮೂರನೆಯ ಸಲಕ್ಕೆ ಹೊರಟಿತು.

“ಲೋ,” ಎಂದ. “ನನ್ನ ಯಾಕೋ ತೆಗೆದೆ, ದರಿದ್ರದವನೇ?”

ನಾನು ಬಾಗಿಲು ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಲೋಕದಲ್ಲಿರುವ ದೇವರಿಗೆಲ್ಲ, ಡಾಕ್ಟರಮ್ಮನಿಗೆ, ಆ ಹಳೇ ವ್ಯಾನಿಗೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮುಂದೆ ನಿಂತಿದ್ದ ಆ ಮನುಷ್ಯನಿಗೆ ಅಳುತ್ತಲೇ ಕೈ ಮುಗಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಮಂಚದ ಕಂಬಿ ಹಿಡಿದು ಬಗ್ಗಿ, ತಮ್ಮನ ಮುಖದ ಹತ್ತಿರ ಮುಖ ತಂದಿದ್ದ.

“ಬೈಯೋ,” ಎನ್ನುತ್ತಿದ್ದ, ಮೂಗು ಸೊರಸೊರ ಎಳೆದುಕೊಂಡು. “ಇನ್ನೊಂದ್ಸಲ ಬೈಯೋ.”